ಪಿಎಚ್ 5.8ರಿಂದ 5.2ಕ್ಕೆ ಬಂದರೆ ಅದು ಸಣ್ಣ ಇಳಿಕೆಯಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಎಂಟು ಎಕರೆ ಕಾಫಿ ತೋಟ. ಮೂರು ವರ್ಷದ ಹಿಂದೆ ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ 5.8 ಇತ್ತು. ಈ ಸಲ 5.2 ಬಂದಿದೆ. ಬರೀ 0.6 ತಾನೇ ಅಂತ ಸುಮ್ಮನಿದ್ದೆ. ಮೊದಲ ಪಿಯುಸಿ ಓದುವ ಮಗಳು ನೋಡಿ, ‘ಅಪ್ಪ, ಪಿಎಚ್ ಅಂದರೆ ಲಾಗ್, ಅದನ್ನ ಹಾಗೆ ನೋಡೋ ಹಾಗಿಲ್ಲ’ ಅಂದಳು. ಸರಿ, ಲಾಗ್ ಅಂದರೆ ಏನು ಅಂತ ಕೇಳಿದರೆ ಅವಳಿಗೂ ಹೇಳೋಕೆ ಬರಲಿಲ್ಲ. ನಾನೂ ಓದಿದ್ದೆ, ಲಾಗ್ ಟೇಬಲ್ ನೋಡಿ ಲೆಕ್ಕ ಮಾಡಿ ಪಾಸಾಗಿದ್ದೆ, ಅಷ್ಟೇ. ಇದು ನಿಜಕ್ಕೂ ಏನು? ದಿನದ ಬದುಕಲ್ಲಿ ಎಲ್ಲಾದರೂ ಬೇಕಾಗುತ್ತದಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಪಿಎಚ್ ಅಂದರೆ ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಆ 0.6 ಸಣ್ಣದಲ್ಲ. ನಿಮ್ಮ ಮಣ್ಣಿನ ನೀರಿನಲ್ಲಿ ಹುಳಿ ನಾಲ್ಕು ಪಟ್ಟು ಜಾಸ್ತಿಯಾಗಿದೆ. ಇದು ಹೇಗೆ ಅಂತ ಕೊನೆಗೆ ನೀವೇ ಪೆನ್ನು ಪೇಪರ್ ಇಲ್ಲದೆ ಲೆಕ್ಕ ಹಾಕುವಂತೆ ಆಗಬೇಕು, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹಾಸನದಲ್ಲಿ ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು. ನಾನು ಓದುವಾಗ ನನಗೂ ನಿಮಗೆ ಆದದ್ದೇ ಆಯಿತು. ಮೊದಲ ದಿನವೇ ಕೈಗೆ ಟೇಬಲ್ ಕೊಟ್ಟರು. ಯಾವ ಸಾಲು, ಯಾವ ಕಾಲಂ, ಎಷ್ಟು ಕೂಡಿಸಬೇಕು ಅಂತ ಕಲಿಸಿದರು. ಅದು ಯಾವ ಪ್ರಶ್ನೆಗೆ ಉತ್ತರ ಅಂತ ಯಾರೂ ಹೇಳಲಿಲ್ಲ. ಇದು ನನಗೆ ಇವತ್ತಿಗೂ ಬೇಸರದ ವಿಷಯ. ಏಕೆಂದರೆ ಆ ಪ್ರಶ್ನೆ ಎರಡೇ ಪದದ್ದು: ಎಷ್ಟು ಸಲ?

1ರಿಂದ ಶುರು ಮಾಡಿ. ಹತ್ತರಿಂದ ಗುಣಿಸಿ, 10. ಇನ್ನೊಮ್ಮೆ ಗುಣಿಸಿ, 100. ಇನ್ನೊಮ್ಮೆ, 1000. ಸಾವಿರಕ್ಕೆ ಬರೋಕೆ ಎಷ್ಟು ಸಲ ಗುಣಿಸಿದಿರಿ? ಮೂರು ಸಲ. ಸಾವಿರದ ಲಾಗ್ 3. ಲಕ್ಷಕ್ಕೆ ಐದು ಸಲ, ಕೋಟಿಗೆ ಏಳು ಸಲ. ಅಷ್ಟೇ ಲಾಗ್. ಸಂಖ್ಯೆ ಎಷ್ಟು ದೊಡ್ಡದು ಅಂತ ಕೇಳುವ ಬದಲು, ಅಲ್ಲಿಗೆ ಹೋಗೋಕೆ ಎಷ್ಟು ಹೆಜ್ಜೆ ಬೇಕು ಅಂತ ಕೇಳುವುದು. ಒಂದೊಂದು ಹೆಜ್ಜೆಯೂ ಹತ್ತು ಪಟ್ಟಿನ ಹೆಜ್ಜೆ.

ಹಾಗಾದರೆ 2ರ ಲಾಗ್ ಎಷ್ಟು? ಹತ್ತು ಪಟ್ಟಿನ ಒಂದು ಇಡೀ ಹೆಜ್ಜೆ ಇಟ್ಟರೆ 10ಕ್ಕೆ ಹೋಗಿಬಿಡುತ್ತೇವೆ. ಎರಡಕ್ಕೆ ಅರೆಬರೆ ಹೆಜ್ಜೆ ಸಾಕು. ಎಷ್ಟು ಅರೆಬರೆ? ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಆದ್ದರಿಂದ ಇಲ್ಲಿ ನಿಧಾನ ಮಾಡೋಣ. 1ನ್ನು ದ್ವಿಗುಣ ಮಾಡುತ್ತಾ ಹೋಗಿ: 2, 4, 8, 16, 32, 64, 128, 256, 512, 1024. ಹತ್ತು ಸಲ ದ್ವಿಗುಣ ಮಾಡಿದರೆ 1024. ಅಂದರೆ ಹೆಚ್ಚುಕಡಿಮೆ ಸಾವಿರ. ಆದರೆ ಸಾವಿರ ಅಂದರೆ ಹತ್ತು ಪಟ್ಟಿನ ಮೂರು ಹೆಜ್ಜೆ ಅಂತ ಈಗಷ್ಟೇ ನೋಡಿದೆವು. ದ್ವಿಗುಣದ ಹತ್ತು ಹೆಜ್ಜೆಯೂ ಒಂದೇ, ಹತ್ತು ಪಟ್ಟಿನ ಮೂರು ಹೆಜ್ಜೆಯೂ ಒಂದೇ ಅಂದಮೇಲೆ ದ್ವಿಗುಣದ ಒಂದು ಹೆಜ್ಜೆ ಅಂದರೆ ಹತ್ತು ಪಟ್ಟಿನ ಹೆಜ್ಜೆಯಲ್ಲಿ 0.3 ಭಾಗ, ಅಲ್ವಾ? ಟೇಬಲ್ ತೆಗೆದು ನೋಡಿ, ಲಾಗ್ 2 ಅಂದರೆ 0.3010 ಅಂತಲೇ ಇರುತ್ತದೆ. ಮನಸ್ಸಲ್ಲೇ ಲೆಕ್ಕ ಹಾಕಿ ಟೇಬಲ್ ಹತ್ತಿರಕ್ಕೆ ಬಂದುಬಿಟ್ಟೆವು. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದ ದಿನ ಮಕ್ಕಳ ಮುಖ ನೋಡುವುದೇ ಒಂದು ಖುಷಿ.

ಈಗ ನಿಮ್ಮ ವರದಿಗೆ ಬರೋಣ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಅನ್ನುವ ರಸಾಯನ ವಿಜ್ಞಾನಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾ ಪಿಎಚ್ ಅಳತೆ ತಂದರು. ಹುಳಿ ಅಂದರೆ ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳು. ಅವು ಎಷ್ಟು ಕಡಿಮೆ ಅಂದರೆ ಬಿಂದು ಹಾಕಿ ಐದಾರು ಸೊನ್ನೆ ಬರೆದ ಮೇಲೆ ಅಂಕಿ ಬರುತ್ತದೆ. ಶುದ್ಧ ನೀರಲ್ಲಿ ಅದು ಲೀಟರಿಗೆ 0.0000001 ಮೋಲ್ (ಮೋಲ್ ಅಂದರೆ ರಸಾಯನ ವಿಜ್ಞಾನದಲ್ಲಿ ಕಣಗಳನ್ನು ಎಣಿಸುವ ಅಳತೆ). ದಿನಾ ಇದನ್ನು ಬರೆಯೋಕೆ ಆಗುತ್ತಾ? ಅದಕ್ಕೆ ಅವರು, 1ನ್ನು ಹತ್ತರಿಂದ ಎಷ್ಟು ಸಲ ಭಾಗಿಸಿದರೆ ಈ ಸಂಖ್ಯೆ ಬರುತ್ತದೆ ಅನ್ನುವುದನ್ನಷ್ಟೇ ಬರೆದರು. ಏಳು ಸಲ, ಅದಕ್ಕೇ ಶುದ್ಧ ನೀರಿನ ಪಿಎಚ್ 7. ಭಾಗಿಸಿದ ಸಲ ಕಡಿಮೆಯಾದರೆ ಹುಳಿ ಜಾಸ್ತಿ ಉಳಿದಿದೆ ಅಂತ. ಪಿಎಚ್ ಇಳಿದರೆ ಹುಳಿ ಏರುವ ಗೊಂದಲದ ಕಾರಣವೂ ಇದೇ.

ನಿಮ್ಮದು 5.8ರಿಂದ 5.2ಕ್ಕೆ ಇಳಿದಿದೆ. ವ್ಯತ್ಯಾಸ 0.6. ಒಂದು 0.3 ಅಂದರೆ ದ್ವಿಗುಣ. ಎರಡು 0.3 ಅಂದರೆ ದ್ವಿಗುಣದ ದ್ವಿಗುಣ, ನಾಲ್ಕು ಪಟ್ಟು. ಲೆಕ್ಕ ಮುಗಿಯಿತು. 0.6ರ ಬದಲು 1 ಇಳಿದಿದ್ದರೆ ಹತ್ತು ಪಟ್ಟು, 2 ಇಳಿದಿದ್ದರೆ ನೂರು ಪಟ್ಟು.

ಹಾಗಂತ ಸುಣ್ಣವನ್ನೂ ನಾಲ್ಕು ಪಟ್ಟು ಸುರಿಯಬೇಡಿ, ಇದು ಮುಖ್ಯ. ಮಣ್ಣು ಬರೀ ನೀರಲ್ಲ. ಜೇಡಿ ಮತ್ತು ಎಲೆಗೊಬ್ಬರದ ಕಣಗಳು ತಮ್ಮ ಮೈಯಲ್ಲೇ ಹುಳಿಯನ್ನು ಹಿಡಿದುಕೊಂಡಿರುತ್ತವೆ, ನೀರಲ್ಲಿರುವುದು ಅದರ ಸಣ್ಣ ಪಾಲು. ಜೇಡಿ ಜಾಸ್ತಿ ಇರುವ ತೋಟಕ್ಕೂ ಮರಳು ಮಣ್ಣಿನ ತೋಟಕ್ಕೂ ಪಿಎಚ್ ಒಂದೇ ಇದ್ದರೂ ಬೇಕಾಗುವ ಸುಣ್ಣ ಬೇರೆ. ಅದಕ್ಕೆ ಪಿಎಚ್ ಒಂದನ್ನೇ ನೋಡದೆ, ಎಕರೆಗೆ ಎಷ್ಟು ಸುಣ್ಣ ಅಂತ ಪ್ರಯೋಗಾಲಯದ ಶಿಫಾರಸನ್ನು ಕೇಳಿ ಪಡೆಯಿರಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಈ ಕೆಲಸ ಚೆನ್ನಾಗಿ ಬಲ್ಲದು. ಕಾಫಿಗೆ 6ರಿಂದ 6.5 ಒಳ್ಳೆಯದು. 5.5ರ ಕೆಳಗೆ ಹೋದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿಗೆ ತೊಂದರೆ ಕೊಡೋಕೆ ಶುರು ಮಾಡುತ್ತದೆ, ರಂಜಕವೂ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ಮಲೆನಾಡಿನ ಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗುತ್ತದೆ, ಮೇಲೆ ಯೂರಿಯಾ ಹಾಕಿದ್ದೂ ಹುಳಿಯನ್ನೇ ಕೂಡಿಸುತ್ತದೆ. ಮೂರು ವರ್ಷದಲ್ಲಿ ನಾಲ್ಕು ಪಟ್ಟು ಅಂದರೆ ಈ ಸಲ ಮುಂದೂಡುವಂಥದ್ದಲ್ಲ.

ದಿನದ ಬದುಕಲ್ಲಿ ಎಲ್ಲಿ ಬರುತ್ತದೆ ಅಂತ ಕೇಳಿದಿರಿ. ನಿಮ್ಮ ಜೇಬಿನಲ್ಲೇ ಇದೆ. ನೋಟುಗಳನ್ನು ಸಾಲಾಗಿ ಇಡಿ: 10, 20, 50, 100, 200, 500. ಇದು 10, 20, 30, 40 ಅಂತ ಯಾಕಿಲ್ಲ? ಹಾಸನದ ಸಂತೆಯಲ್ಲಿ ಆಲೂಗಡ್ಡೆ ತೂಗುವ ಕಬ್ಬಿಣದ ಬಟ್ಟುಗಳನ್ನು ನೋಡಿ, 100 ಗ್ರಾಂ, 200, 500, ಒಂದು ಕೆಜಿ, ಎರಡು, ಐದು. ಅದೇ ಸಾಲು. ಮಾಮೂಲಿ ಲೆಕ್ಕದಲ್ಲಿ ಇವುಗಳ ನಡುವಿನ ಅಂತರ ಎಲ್ಲೆಲ್ಲೋ ಇದೆ. ಲಾಗ್ ತೆಗೆದುಕೊಂಡರೆ 1, 1.3, 1.7, 2, 2.3, 2.7. ಹೆಚ್ಚುಕಡಿಮೆ ಒಂದೇ ದೂರದ ಮೆಟ್ಟಿಲುಗಳು. ದುಡ್ಡನ್ನೂ ತೂಕವನ್ನೂ ನಾವು ಎಷ್ಟು ಜಾಸ್ತಿ ಅಂತ ಅಳೆಯುವುದಕ್ಕಿಂತ ಎಷ್ಟು ಪಟ್ಟು ಅಂತಲೇ ಜಾಸ್ತಿ ಅಳೆಯುತ್ತೇವೆ. ಐದು ರೂಪಾಯಿ ಸೊಪ್ಪು ಹತ್ತಾದರೆ ಬೀದಿಯೆಲ್ಲಾ ಮಾತು. ಬೈಕಿನ ಬೆಲೆ ಐದು ರೂಪಾಯಿ ಏರಿದರೆ ಯಾರಿಗೂ ಗೊತ್ತಾಗುವುದೇ ಇಲ್ಲ.

ಕಿವಿಯೂ ಹಾಗೇ. ಶಬ್ದ ಅಳೆಯುವ ಡೆಸಿಬಲ್‌ನಲ್ಲಿ ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು, ಪ್ರತಿ 3ಕ್ಕೆ ಎರಡು ಪಟ್ಟು. ಆ 0.3 ಇಲ್ಲಿ ಮತ್ತೆ ಬಂತು, ಹತ್ತರಿಂದ ಗುಣಿಸಿದ್ದಾರೆ ಅಷ್ಟೇ. ಮನೆಗಳಿರುವ ಬೀದಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು ಅಂತ ನಮ್ಮ ದೇಶದ ನಿಯಮ ಇದೆ, 2000ನೇ ಇಸವಿಯದು. ಹತ್ತು ಕಡಿಮೆ ಅಂದರೆ ಸ್ವಲ್ಪ ಕಡಿಮೆ ಮಾಡಿ ಅಂತಲ್ಲ, ಶಬ್ದದ ಶಕ್ತಿಯನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ ಅಂತ. ಇನ್ನೊಂದು ಮಾತು. ಗಣಪತಿ ಪೆಂಡಾಲಿನಲ್ಲಿ 80 ಡೆಸಿಬಲ್‌ನ ಒಂದು ಸ್ಪೀಕರ್ ಪಕ್ಕ ಅಂಥದ್ದೇ ಇನ್ನೊಂದು ಇಟ್ಟರೆ 160 ಆಗುವುದಿಲ್ಲ, 83 ಆಗುತ್ತದೆ. ಶಕ್ತಿ ಎರಡು ಪಟ್ಟಾಯಿತು, ಲಾಗ್‌ನಲ್ಲಿ 3 ಕೂಡಿತು. ಈ ತಪ್ಪನ್ನು ಓದಿದವರೂ ಮಾಡುತ್ತಾರೆ.

ತೋಟದ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆಂಡ್ರಾಯ್ಡ್ ಫೋನಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆಗೆಯಿರಿ. ಸಿಗ್ನಲ್ ಸ್ಟ್ರೆಂತ್ ಮೈನಸ್ 110 ಡಿಬಿಎಂ ಅಂತಲೋ ಮೈನಸ್ 80 ಅಂತಲೋ ಇರುತ್ತದೆ. ಇದೂ ಡೆಸಿಬಲ್ ಅಳತೆಯೇ, ಇಲ್ಲಿ ಸೊನ್ನೆ ಅಂದರೆ ಒಂದು ಮಿಲಿವ್ಯಾಟ್, ಅಂದರೆ ವ್ಯಾಟಿನ ಸಾವಿರದಲ್ಲಿ ಒಂದು ಭಾಗ. ಮನೆಯೊಳಗೆ ಮೈನಸ್ 110, ಕಣದ ಏರಿನಲ್ಲಿ ನಿಂತರೆ ಮೈನಸ್ 80 ಬಂತು ಅಂದುಕೊಳ್ಳಿ. ವ್ಯತ್ಯಾಸ 30, ಅಂದರೆ ಹತ್ತು ಪಟ್ಟಿನ ಮೂರು ಹೆಜ್ಜೆ. ಕಣದಲ್ಲಿ ನಿಮಗೆ ಸಾವಿರ ಪಟ್ಟು ಸಿಗ್ನಲ್ ಸಿಗುತ್ತಿದೆ. ಮನೆಗೆ ಬೂಸ್ಟರ್ ಹಾಕುವ ಮುಂಚೆ ಆಂಟೆನಾ ಎಲ್ಲಿಡಬೇಕು ಅಂತ ಈ ಅಂಕಿ ನೋಡಿಕೊಂಡೇ ತೀರ್ಮಾನ ಮಾಡಬಹುದು.

ಹಾಸನದಲ್ಲಿ ಇದ್ದುಕೊಂಡು ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದ ಮಾತು ಬಿಡೋಕೆ ನನ್ನಿಂದಾಗದು. 1980ರ ದಶಕದಲ್ಲಿ ಇನ್ಸಾಟ್ ಉಪಗ್ರಹಗಳ ಜೊತೆ ಶುರುವಾದದ್ದು. ಆ ದೊಡ್ಡ ಬಿಳಿ ಡಿಶ್‌ಗಳನ್ನು ನಮ್ಮೂರಿನ ಮಕ್ಕಳೆಲ್ಲಾ ನೋಡಿರುತ್ತಾರೆ. ಅಲ್ಲಿಂದ ಹೋದ ಸಂದೇಶ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಮುಟ್ಟಬೇಕು. ಅಷ್ಟು ದೂರ ಹರಡಿಕೊಂಡು ಹೋಗುವಾಗ ಎಷ್ಟು ಕ್ಷೀಣವಾಗುತ್ತದೆ ಗೊತ್ತಾ? 6 ಗಿಗಾಹರ್ಟ್ಸ್ ತರಂಗಕ್ಕೆ ಹತ್ತಿರ ಹತ್ತಿರ 200 ಡೆಸಿಬಲ್. ಒಂದರ ಮುಂದೆ ಇಪ್ಪತ್ತು ಸೊನ್ನೆ ಬರೆದು ಅದರಿಂದ ಭಾಗಿಸಿದ ಹಾಗೆ. ಇದನ್ನು ಗುಣಾಕಾರ ಭಾಗಾಕಾರದಲ್ಲಿ ಮಾಡುತ್ತಾ ಕೂತರೆ ಒಂದು ಸೊನ್ನೆ ಆಚೀಚೆ ಆಗಿ ಎಲ್ಲಾ ಕೆಡುತ್ತದೆ. ಲಾಗ್‌ನಲ್ಲಿ ಇದು ಕಿರಾಣಿ ಅಂಗಡಿಯ ಚೀಟಿ ಥರ. ಕಳಿಸುವ ಶಕ್ತಿಯಿಂದ ಶುರು ಮಾಡಿ, ಡಿಶ್ ಹತ್ತು ಹನ್ನೊಂದು ಮೀಟರ್ ಅಗಲ ಇದ್ದರೆ ಅದಕ್ಕೆ 50ಕ್ಕಿಂತ ಜಾಸ್ತಿ ಕೂಡಿಸಿ, ದಾರಿಯ ನಷ್ಟ 200 ಕಳೆಯಿರಿ, ಉಪಗ್ರಹದ ಆಂಟೆನಾದ್ದು ಕೂಡಿಸಿ, ಕೊನೆಗೆ ಉಳಿದದ್ದು ಸಾಕಾ ನೋಡಿ. ಎಂಜಿನಿಯರುಗಳು ಇದನ್ನು ಲಿಂಕ್ ಬಜೆಟ್ ಅನ್ನುತ್ತಾರೆ. ಬಜೆಟ್ ಅನ್ನುವ ಮಾತು ಸರಿಯಾಗಿಯೇ ಇದೆ, ಬರೀ ಕೂಡು ಕಳೆ.

ಗುಣಾಕಾರವನ್ನು ಕೂಡುವುದಾಗಿ ಮಾಡೋದು, ಲಾಗ್ ಹುಟ್ಟಿದ್ದೇ ಇದಕ್ಕೆ. ನೂರನ್ನು ಸಾವಿರದಿಂದ ಗುಣಿಸಿದರೆ ಎರಡು ಹೆಜ್ಜೆ ಮತ್ತು ಮೂರು ಹೆಜ್ಜೆ ಸೇರಿ ಐದು ಹೆಜ್ಜೆ, ಲಕ್ಷ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಸುಮಾರು ಇಪ್ಪತ್ತು ವರ್ಷ ಕೂತು ಲೆಕ್ಕ ಹಾಕಿ 1614ರಲ್ಲಿ ತಮ್ಮ ಕೋಷ್ಟಕ ಪ್ರಕಟಿಸಿದರು. ಲಂಡನ್ನಿನ ಹೆನ್ರಿ ಬ್ರಿಗ್ಸ್ ಅದನ್ನು ಓದಿ, ಮುಂದಿನ ವರ್ಷ ಎಡಿನ್‌ಬರೋವರೆಗೆ ಹೋಗಿ ಅವರನ್ನು ಕಂಡರು. ಹತ್ತನ್ನು ಆಧಾರ ಮಾಡಿಕೊಂಡರೆ ಸುಲಭ ಅಂತ ಇಬ್ಬರೂ ಒಪ್ಪಿದರು. ನಾವು ಬಳಸಿದ ಟೇಬಲ್ ಆ ಬ್ರಿಗ್ಸ್ ಅವರ ದಾರಿಯದು. ಗ್ರಹಗಳ ಲೆಕ್ಕ ಹಾಕುತ್ತಿದ್ದ ಕೆಪ್ಲರ್ ಕೂಡ ಇದನ್ನು ಕೂಡಲೇ ಕೈಗೆತ್ತಿಕೊಂಡರು. ಕನ್ನಡದಲ್ಲಿ ಇದಕ್ಕೆ ಲಘುಗಣಕ ಅನ್ನುತ್ತಾರೆ. ಲೆಕ್ಕವನ್ನು ಹಗುರ ಮಾಡುವುದು, ಒಳ್ಳೆಯ ಹೆಸರು.

ಆದರೆ ‘ಎಷ್ಟು ಸಲ’ ಅನ್ನುವ ಪ್ರಶ್ನೆ ನೇಪಿಯರ್‌ಗಿಂತ ಬಹಳ ಹಳೆಯದು. ಅದರ ಜಾಡು ನಮ್ಮ ಜಿಲ್ಲೆಗೇ ಬರುತ್ತದೆ. 9ನೇ ಶತಮಾನದ ಜೈನ ಆಚಾರ್ಯ ವೀರಸೇನರು ಧವಳಾ ಅನ್ನುವ ತಮ್ಮ ವ್ಯಾಖ್ಯಾನ ಗ್ರಂಥದಲ್ಲಿ ಅರ್ಧಚ್ಛೇದ ಅನ್ನುವ ಮಾತು ಬಳಸುತ್ತಾರೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ ಅನ್ನುವುದು ಅದರ ಅರ್ಧಚ್ಛೇದ. 32ನ್ನು ಅರ್ಧ ಮಾಡಿ: 16, 8, 4, 2, 1. ಐದು ಸಲ. 32ರ ಅರ್ಧಚ್ಛೇದ 5. ಇವತ್ತಿನ ಭಾಷೆಯಲ್ಲಿ ಇದು 2 ಆಧಾರದ ಲಾಗ್. ಮೂರು ಭಾಗ ಮಾಡುವುದಕ್ಕೆ ತ್ರಿಕಚ್ಛೇದ ಅಂತ ಬೇರೆ ಹೆಸರೇ ಇತ್ತು. ಗುಣಿಸಿದಾಗ ಅರ್ಧಚ್ಛೇದಗಳು ಕೂಡುತ್ತವೆ, ಭಾಗಿಸಿದಾಗ ಕಳೆಯುತ್ತವೆ ಅನ್ನುವುದೂ ಅವರಿಗೆ ಗೊತ್ತಿತ್ತು. ಆ ಧವಳಾ ಉಳಿದುಬಂದದ್ದು ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಮುಂದೆ 10ನೇ ಶತಮಾನದಲ್ಲಿ ಇದೇ ನಿಯಮಗಳನ್ನು ಬರೆದವರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಸಿದ ಚಾವುಂಡರಾಯನ ಗುರುಗಳು ಅವರು. ಈ ಜೈನ ಪಂಡಿತರು ನೇಪಿಯರ್ ಥರ ಕೋಷ್ಟಕ ಮಾಡಲಿಲ್ಲ, 3ಕ್ಕೋ 7ಕ್ಕೋ ದಶಾಂಶದಲ್ಲಿ ಲಾಗ್ ಕಂಡುಹಿಡಿಯುವ ಗೊಡವೆ ಅವರಿಗೆ ಬೇಕಿರಲಿಲ್ಲ. ಲೋಕದ ಅಳತೆಯ ಮಹಾ ಸಂಖ್ಯೆಗಳನ್ನು ಹಿಡಿಯೋಕೆ ಒಂದು ದಾರಿ ಬೇಕಿತ್ತು. ಇಷ್ಟನ್ನು ಸರಿಯಾಗಿ ಹೇಳಬೇಕು, ಉಬ್ಬಿಸಬಾರದು, ಮುಚ್ಚಲೂಬಾರದು. ನಮ್ಮ ಪಿಯುಸಿ ಪಾಠವನ್ನು ಅರ್ಧಚ್ಛೇದದಿಂದಲೇ ಶುರು ಮಾಡಬೇಕು ಅಂತ ನನ್ನ ಬಲವಾದ ಆಸೆ. ರೊಟ್ಟಿ ಮುರಿಯುವ ಮಗುವಿಗೂ ಅದು ಅರ್ಥವಾಗುತ್ತದೆ.

ಮೊಬೈಲು ಕಂಪ್ಯೂಟರಿನಲ್ಲಿ ಹುಡುಕುವ ಕೆಲಸ ನಡೆಯುವುದೂ ಅರ್ಧಚ್ಛೇದದಲ್ಲೇ. ಸಾವಿರ ಪುಟದ ನಿಘಂಟನ್ನು ನಡುವೆ ತೆರೆಯಿರಿ, ಬೇಕಾದ ಪದ ಈ ಕಡೆಯೋ ಆ ಕಡೆಯೋ ನೋಡಿ, ಉಳಿದರ್ಧವನ್ನು ಮತ್ತೆ ನಡುವೆ ತೆರೆಯಿರಿ. ಹತ್ತು ಸಲದಲ್ಲಿ ಪುಟ ಸಿಗುತ್ತದೆ. ಹತ್ತು ಲಕ್ಷ ಪುಟ ಇದ್ದರೆ? ಇಪ್ಪತ್ತೇ ಸಲ.

ಬಡ್ಡಿಯ ವಿಷಯ ಹೇಳದೆ ಮುಗಿಸುವ ಹಾಗಿಲ್ಲ, ಏಕೆಂದರೆ ಲಾಗ್ ಗೊತ್ತಿಲ್ಲದೆ ಜನ ನಿಜವಾಗಿ ಕಳೆದುಕೊಳ್ಳುವುದು ಇಲ್ಲೇ. ವರ್ಷಕ್ಕೆ 7% ಚಕ್ರಬಡ್ಡಿಗೆ ಠೇವಣಿ ಇಟ್ಟರೆ ಯಾವಾಗ ಎರಡಷ್ಟು ಆಗುತ್ತದೆ? 1.07ನ್ನು ಎಷ್ಟು ಸಲ ಗುಣಿಸಿದರೆ 2 ಬರುತ್ತದೆ ಅನ್ನುವುದೇ ಪ್ರಶ್ನೆ. ಲಾಗ್ 2 ಅಂದರೆ 0.3010, ಲಾಗ್ 1.07 ಅಂದರೆ 0.0294, ಭಾಗಿಸಿದರೆ ಹತ್ತು ವರ್ಷ ಚಿಲ್ಲರೆ. 72ನ್ನು ಬಡ್ಡಿ ದರದಿಂದ ಭಾಗಿಸುವ ಅಡ್ಡದಾರಿ ಇದೆಯಲ್ಲ, ಅದು ಈ ಲೆಕ್ಕದ ಒರಟು ರೂಪ. ಈಗ ಊರಿನಲ್ಲಿ ಕೈಸಾಲ ತೆಗೆದುಕೊಳ್ಳುವುದನ್ನು ನೋಡಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅನ್ನುತ್ತಾರೆ. ಮೂರು ಅಂದರೆ ಏನು ಮಹಾ ಅನ್ನಿಸುತ್ತದೆ. ಅದು ತಿಂಗಳಿಗೆ. ಬಡ್ಡಿ ಕಟ್ಟದೆ ಅಸಲಿಗೆ ಸೇರಿಸುತ್ತಾ ಹೋದರೆ 72ನ್ನು 3ರಿಂದ ಭಾಗಿಸಿ, 24 ತಿಂಗಳು. ಸರಿಯಾಗಿ ಲಾಗ್ ಹಾಕಿದರೆ ಇಪ್ಪತ್ಮೂರೂವರೆ ತಿಂಗಳಿಗೇ ಸಾಲ ಎರಡಷ್ಟು. ನಾಲ್ಕು ವರ್ಷ ತುಂಬುವ ಮುಂಚೆ ನಾಲ್ಕರಷ್ಟು, ಆರು ವರ್ಷ ತುಂಬುವ ಮುಂಚೆ ಎಂಟರಷ್ಟು. ಕಾಫಿ ಬೆಲೆ ಬಿದ್ದ ವರ್ಷ ಹೀಗೆ ತೋಟ ಕೈಬಿಟ್ಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳಿಗೆ ಬೇರೆ ಯಾವ ಉದಾಹರಣೆ ಹೇಳದಿದ್ದರೂ ಇದನ್ನು ಹೇಳಿ.

ಭೂಕಂಪದ ಅಂಕಿಯೂ ಲಾಗ್. 1993ರ ಲಾತೂರಿನದು 6.2, 2001ರ ಭುಜ್‌ನದು 7.7. ಒಂದು ಅಂಕಕ್ಕೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ, ಈ ಒಂದೂವರೆ ಅಂಕಕ್ಕೆ ನೂರೆಪ್ಪತ್ತು ಪಟ್ಟಿಗಿಂತ ಜಾಸ್ತಿ. ಆದರೂ ಲಾತೂರಿನಲ್ಲಿ ಸಾವಿರಾರು ಜನ ಸತ್ತರು, ಕಲ್ಲು ಮಣ್ಣಿನ ಭಾರದ ಮನೆಗಳು ರಾತ್ರಿ ಮಲಗಿದ್ದವರ ಮೇಲೆ ಬಿದ್ದವು. ಲಾಗ್ ಭೂಮಿಯ ಶಕ್ತಿಯನ್ನು ಹೇಳುತ್ತದೆ, ಮನೆಯ ಗೋಡೆಯ ಬಗ್ಗೆ ಏನೂ ಹೇಳುವುದಿಲ್ಲ.

ಒಂದೆರಡು ಎಚ್ಚರ. ಸೊನ್ನೆಗೆ ಲಾಗ್ ಇಲ್ಲ, 1ನ್ನು ಹತ್ತರಿಂದ ಎಷ್ಟು ಸಲ ಭಾಗಿಸಿದರೂ ಸೊನ್ನೆ ಬರುವುದಿಲ್ಲವಲ್ಲ. ಪಿಎಚ್‌ಗಳ ಸರಾಸರಿಯನ್ನೂ ಕೂಡಿ ಭಾಗಿಸಿ ತೆಗೆಯಬೇಡಿ. 5 ಮತ್ತು 7 ಪಿಎಚ್‌ನ ಹುಳಿಗಳ ಸರಾಸರಿ ತೆಗೆದರೆ ಅದು 6ರದ್ದಲ್ಲ, ಸುಮಾರು 5.3ರದ್ದು. ಜಾಸ್ತಿ ಹುಳಿ ಇರುವುದೇ ಲೆಕ್ಕವನ್ನು ಎಳೆದುಕೊಳ್ಳುತ್ತದೆ. ತೋಟದ ಮೇಲಿನ ಏರು ಮತ್ತು ಕೆಳಗಿನ ತಗ್ಗಿನ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಕಳಿಸಿ, ವರದಿಯನ್ನೂ ಬೇರೆಯಾಗಿಯೇ ಇಟ್ಟುಕೊಳ್ಳಿ.

ಇನ್ನು ಮಗಳ ಜೊತೆ ಒಂದು ಸಂಜೆ ಕೂತು ಹೀಗೆ ಮಾಡಿ. ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ, ಇಪ್ಪತ್ತು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ ಇರಲಿ. ಎರಡರಲ್ಲೂ ಎಡತುದಿಯಲ್ಲಿ 1 ಅಂತ ಗುರುತು ಹಾಕಿ. ಅಲ್ಲಿಂದ 6 ಸೆಂಟಿಮೀಟರಿಗೆ 2, 9.5ಕ್ಕೆ 3, 12ಕ್ಕೆ 4, 14ಕ್ಕೆ 5, 15.6ಕ್ಕೆ 6, 16.9ಕ್ಕೆ 7, 18.1ಕ್ಕೆ 8, 19.1ಕ್ಕೆ 9, 20ಕ್ಕೆ 10. ಅಂಕಿಯ ಲಾಗ್ ಅನ್ನು 20ರಿಂದ ಗುಣಿಸಿದ ದೂರಗಳು ಇವು. ಕೆಳಗಿನ ಪಟ್ಟಿಯ 2ರ ಮೇಲೆ ಮೇಲಿನ ಪಟ್ಟಿಯ 1 ಬರುವ ಹಾಗೆ ಜಾರಿಸಿ. ಮೇಲಿನ 3ರ ಕೆಳಗೆ ಏನಿದೆ ನೋಡಿ. 6 ಇರುತ್ತದೆ. ಮೇಲಿನ 4ರ ಕೆಳಗೆ 8. ಎರಡು ದೂರ ಕೂಡಿಸಿದಿರಿ, ಅಂಕಿಗಳು ಗುಣಾಕಾರವಾದವು. ಕ್ಯಾಲ್ಕುಲೇಟರ್ ಬರುವ ತನಕ, ಅಂದರೆ 1970ರ ದಶಕದವರೆಗೂ, ಸೇತುವೆ ಅಣೆಕಟ್ಟು ಕಟ್ಟಿದ ಎಂಜಿನಿಯರುಗಳ ಜೇಬಿನಲ್ಲಿ ಇರುತ್ತಿದ್ದ ಸ್ಲೈಡ್ ರೂಲ್ ಇದೇ. ಈಗ 3ರ ಮೇಲೆ 1 ಇಟ್ಟು, ಮೇಲಿನ 3ರ ಕೆಳಗೆ ಏನು ಬರುತ್ತದೆ ಅಂತ ಅವಳನ್ನೇ ಮೊದಲು ಊಹಿಸೋಕೆ ಹೇಳಿ. ಮಿಲಿಮೀಟರ್ ಆಚೀಚೆ ಆದರೆ ಪರವಾಗಿಲ್ಲ.